ಸೇಫ್ಟಿ ಟ್ಯಾಂಕಿಗೆ ಪೈಪು ಎಳೆಯುವ ಕ್ರಮ

ಬೇಕಾಗುವ ಸಾಮಗ್ರಿ: 110 ಎಂಎಂ ಪಿವಿಸಿ ಪೈಪು (ಅಂಗಡಿಯಲ್ಲಿ ನಾಲ್ಕಿಂಚಿನದು ಅಂತ ಕೇಳಿ, ಇಲ್ಲದಿದ್ದರೆ ಹುಡುಗ ನಿಮ್ಮ ಮುಖ ನೋಡುತ್ತಾನೆ), 45 ಡಿಗ್ರಿ ಬೆಂಡುಗಳು, ಎರಡು ಟೀ, ಸಾಲ್ವೆಂಟ್ ಡಬ್ಬಿ, ಮರಳು, ಮಟ್ಟ ನೋಡಲು ನೀರು ತುಂಬಿದ ಟ್ಯೂಬು, ಒಬ್ಬ ಮೇಸ್ತ್ರಿ, ಒಬ್ಬ ವಾಸ್ತು ಪಂಡಿತರು. ಕೊನೆಯ ಇಬ್ಬರನ್ನು ಒಂದೇ ದಿನ ಕರೆಸಬೇಡಿ.

ಹಂತ 1. ಜಾಗ ಗುರುತಿಸಿ. ನೆಲ ಇಳಿದ ಕಡೆಗೇ ಟ್ಯಾಂಕು ಇರಬೇಕೆಂಬುದು ನೀರಿಗೂ ಗೊತ್ತು, ಮೇಸ್ತ್ರಿಗೂ ಗೊತ್ತು. ಪಂಡಿತರಿಗೆ ಮಾತ್ರ ವಾಯವ್ಯವೇ ಆಗಬೇಕು. ನನ್ನ 30–40 ಸೈಟಿನಲ್ಲಿ ವಾಯವ್ಯವೇ ದಿಬ್ಬ. ಪೈಪು ಸಾಗಬೇಕಾದ್ದು 40 ಅಡಿ. ಹತ್ತಡಿಗೆ ಮೂರಿಂಚು ವಾಟ ಎಂದರೆ ಒಟ್ಟು ಒಂದಡಿ ಇಳಿಯಬೇಕು. ನೆಲವೋ ಅಷ್ಟರಲ್ಲೇ ಎರಡಡಿ ಏರುತ್ತದೆ. ಒಂದಡಿ ಆಳದಲ್ಲಿ ಹೊರಟ ಪೈಪು ಟ್ಯಾಂಕು ಮುಟ್ಟುವಾಗ ನಾಲ್ಕಡಿ ಆಳದಲ್ಲಿತ್ತು. ಪಂಡಿತರ ದಕ್ಷಿಣೆಗಿಂತ ಅಗೆತದ ಕೂಲಿಯೇ ಜಾಸ್ತಿಯಾಯಿತು.

ಇನ್ನೊಂದು ಮಾತು: ಬಾವಿ, ಬೋರ್‌ವೆಲ್‌ಗಳಿಂದ 60 ಅಡಿಯಾದರೂ ದೂರವಿರಲಿ. ಪಕ್ಕದ ಮನೆಯವರ ಬೋರ್‌ವೆಲ್ಲೂ ಬೋರ್‌ವೆಲ್ಲೇ.

ಹಂತ 2. ವಾಟ ಕೊಡಿ. ಇಡೀ ಕೆಲಸದ ಜೀವ ಇರುವುದು ಇಲ್ಲೇ. ವಾಟ ಕಮ್ಮಿಯಾದರೆ ಎಲ್ಲವೂ ಅಲ್ಲಲ್ಲೇ ಕೂರುತ್ತದೆ. ವಿಪರೀತ ಜಾಸ್ತಿಯಾದರೆ ನೀರು ಬಸ್ಸು ಹಿಡಿಯುವವರ ಹಾಗೆ ಮುಂದೆ ಓಡಿ, ಲಗೇಜು ಹಿಂದೆ ಉಳಿಯುತ್ತದೆ. ನಮ್ಮ ಮೇಸ್ತ್ರಿ ಟ್ಯೂಬು ಮುಟ್ಟಲಿಲ್ಲ. ಒಂದು ಕಣ್ಣು ಮುಚ್ಚಿ, ‘ಕಣ್ಣಳತೆಗೆ ಸರಿಗೈತೆ ಸಾರ್’ ಅಂದ. ನಾನೂ ಒಂದು ಕಣ್ಣು ಮುಚ್ಚಿ ನೋಡಿ ತಲೆಯಾಡಿಸಿದೆ. ಓದಿದವರು ಹಾಗೆಯೇ ಮಾಡುವುದು.

ಗೃಹಪ್ರವೇಶದ ಮೂರನೇ ದಿನ, ಬೀಗರು ಇನ್ನೂ ಮನೆಯಲ್ಲಿರುವಾಗಲೇ, ಹೋದದ್ದು ವಾಪಸ್ಸು ಬಂತು. ಅಗೆಸಿ ನೋಡಿದರೆ ಪೈಪಿಗೆ ನಡುವೆ ಹೊಟ್ಟೆ ಬಂದಿದೆ. ಕೆಳಗೆ ಸಡಿಲ ಮಣ್ಣು ತುಂಬಿ ಅದರ ಮೇಲೇ ಪೈಪು ಮಲಗಿಸಿದ್ದರು. ಮಣ್ಣು ಕುಸಿಯಿತು, ಪೈಪು ಜೋತಿತು. ಆದ್ದರಿಂದ ಗಟ್ಟಿ ನೆಲದ ಮೇಲೆ ಮರಳು ಹಾಸಿ ಪೈಪು ಇಡಿ. ಮುಚ್ಚುವ ಮೊದಲು ಒಂದು ಬಕೆಟ್ ನೀರಿನ ಹಿಂದೆ ಒಂದು ಚೆಂಡು ಬಿಡಿ. ಅದು ಆ ತುದಿಯಲ್ಲಿ ಮುಖ ತೋರಿಸುವವರೆಗೆ ಮೇಸ್ತ್ರಿಯ ಲೆಕ್ಕ ಚುಕ್ತಾ ಮಾಡಬೇಡಿ.

ಹಂತ 3. ತಿರುವಿನಲ್ಲಿ 90 ಡಿಗ್ರಿಯ ಎಲ್ಬೋ ಬೇಡ, 45ರ ಎರಡು ಬೆಂಡು ಹಾಕಿ, ಚೇಂಬರ್ ಕಟ್ಟಿಸಿ.

ಹಂತ 4. ಟ್ಯಾಂಕಿನೊಳಗೆ ಬರುವ ಬಾಯಿ ಹೊರಹೋಗುವ ಬಾಯಿಗಿಂತ ಎರಡಿಂಚು ಮೇಲಿರಲಿ. ಎರಡಕ್ಕೂ ಟೀ ಕೂರಿಸಿ, ಅದರ ಕಾಲು ನೀರಿನೊಳಗೆ ಮುಳುಗಿರಲಿ. ಒಳಗೆ ಭಾರದ್ದು ತಳ ಸೇರಿ, ಜಿಡ್ಡು ಕೆನೆಯ ಹಾಗೆ ತೇಲಿ, ನಡುವಿನ ನೀರಷ್ಟೇ ಇಂಗುಗುಂಡಿಗೆ ಹೋಗಬೇಕು. ಟೀ ಇಲ್ಲದಿದ್ದರೆ ಪ್ರತಿ ಫ್ಲಶ್ಶೂ ಆ ಕೆನೆಯನ್ನು ಕಡೆಯುತ್ತದೆ. ಪಕ್ಕದಲ್ಲಿ ತೆಂಗಿನ ಸಸಿ ನೆಡುವ ಆಸೆ ಎಲ್ಲರಿಗೂ ಬರುತ್ತದೆ. ಬೇರುಗಳಿಗೂ ಪೈಪಿನ ಸಂದಿನ ಮೇಲೆ ಅಷ್ಟೇ ಆಸೆ.

ಹಂತ 5. ನಮ್ಮ ಕಡೆ ಸೆಪ್ಟಿಕ್ ಟ್ಯಾಂಕನ್ನು ‘ಸೇಫ್ಟಿ ಟ್ಯಾಂಕು’ ಎನ್ನುತ್ತಾರೆ. ಒಳಗೆ ಹೈಡ್ರೋಜನ್ ಸಲ್ಫೈಡ್ ಕೂತಿರುತ್ತದೆ. ಹೆಚ್ಚಾದರೆ ಅದು ಮೊದಲು ಕೊಲ್ಲುವುದು ಮೂಗನ್ನು. ವಾಸನೆ ಇಲ್ಲವೆಂದು ಇಳಿದವನು ಬೀಳುತ್ತಾನೆ, ಅವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷವಿದ್ದ ಪರಿಹಾರವನ್ನು ಸುಪ್ರೀಂ ಕೋರ್ಟು 2023ರಲ್ಲಿ 30 ಲಕ್ಷಕ್ಕೆ ಏರಿಸಿತು. ಏರಿಸಬೇಕಾಗಿ ಬಂತು ಎಂದರೆ ಇನ್ನೂ ಇಳಿಸುತ್ತಲೇ ಇದ್ದೇವೆ. ‘ಐನೂರು ಕೊಟ್ಟರೆ ಒಬ್ಬ ಇಳೀತಾನೆ’ ಎಂದು ನನಗೂ ಒಬ್ಬರು ಹೇಳಿದ್ದರು. ಎರಡು ಮೂರು ವರ್ಷಕ್ಕೊಮ್ಮೆ ಸಕ್ಷನ್ ಲಾರಿಯನ್ನೇ ಕರೆಸಿ.

ಲಾರಿಯ ಪೈಪು ಒಳಗೆ ಇಳಿಯಬೇಕಾದರೆ ಮುಚ್ಚಳ ಸಿಗಬೇಕು. ಅದರ ಮೇಲೆ ಟೈಲ್ಸ್ ಹಾಕಿಸಬೇಡಿ.