ಎಷ್ಟು ಕೊಡುತ್ತೆ, ರಾಯರೇ?

ಮೈಸೂರಿನ ಯಾವ ಬಡಾವಣೆಗೆ ಹೋದರೂ ಅಲ್ಲೊಬ್ಬರು ಮೈಲೇಜ್ ರಾಯರು ಸಿಗುತ್ತಾರೆ. ಕುವೆಂಪುನಗರದಲ್ಲಿ ಅವರು ನಿವೃತ್ತ ಬ್ಯಾಂಕ್ ಅಧಿಕಾರಿ, ಸರಸ್ವತಿಪುರಂನಲ್ಲಿ ನಿವೃತ್ತ ಹೆಡ್‌ಮಾಸ್ಟರು, ವಿಜಯನಗರದಲ್ಲಿ ಇನ್ನೂ ನಿವೃತ್ತರಾಗದ ಆದರೆ ಆಗಲೇ ಅಭ್ಯಾಸ ಶುರುಮಾಡಿಕೊಂಡಿರುವ ಎಂಜಿನಿಯರು. ಜಾತಿಯಲ್ಲಿ ಗೌಡರಿರಬಹುದು, ಶೆಟ್ಟರಿರಬಹುದು. ಪದವಿಯಿಂದ ಎಲ್ಲರೂ ರಾಯರೇ. ನೀವು ಹೊಸ ಕಾರು ತಂದು, ಪೂಜೆ ಮಾಡಿಸಿ, ಚಕ್ರದಡಿ ನಿಂಬೆಹಣ್ಣು ಇಟ್ಟಿರುತ್ತೀರಿ. ಉಳಿದವರು ಬಣ್ಣ ಚೆನ್ನಾಗಿದೆ ಎನ್ನುತ್ತಾರೆ, ಸೀಟು ಒತ್ತಿ ನೋಡುತ್ತಾರೆ, ಸಿಹಿ ತಿಂದು ಹೋಗುತ್ತಾರೆ. ರಾಯರು ಮಾತ್ರ ನಿಂಬೆಹಣ್ಣು ಅಪ್ಪಚ್ಚಿಯಾಗುವ ಮೊದಲೇ ಕೇಳುತ್ತಾರೆ: “ಎಷ್ಟು ಕೊಡುತ್ತೆ?”

ನೀವು ಯಾವ ಅಂಕಿ ಹೇಳಿದರೂ ಅವರದು ಅದಕ್ಕಿಂತ ಎರಡು ಹೆಚ್ಚು.

ಬಾಯಿಮಾತಲ್ಲ, ದಾಖಲೆಯಿದೆ. ಕಾರಿನೊಳಗೆ ಆರ್‌ಸಿ, ಇನ್ಶೂರೆನ್ಸ್ ಕಾಗದಗಳಿಗಿಂತ ಮೇಲೆ ಒಂದು ಹಳೆಯ ಡೈರಿ ಇರುತ್ತದೆ. ತಾರೀಖು, ಕಿಲೋಮೀಟರು, ಲೀಟರು, ದರ, ಷರಾ. ಷರಾದಲ್ಲಿ “ಮಳೆ”, “ಎ.ಸಿ. 10 ನಿಮಿಷ (ಬೀಗರಿದ್ದರು)” ಎಂಬಂಥ ಟಿಪ್ಪಣಿಗಳು. ಡ್ಯಾಶ್‌ಬೋರ್ಡಿನ ಪರದೆ ತಾನಾಗಿಯೇ ಮೈಲೇಜ್ ತೋರಿಸುತ್ತದಲ್ಲ ಎಂದರೆ ರಾಯರು ನಗುತ್ತಾರೆ. ಪರೀಕ್ಷೆ ಬರೆದವನೇ ಮಾರ್ಕ್ಸ್ ಹಾಕಿಕೊಂಡ ಹಾಗಂತೆ ಅದು. ಒಮ್ಮೆ ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ, ಓಡಿದ ಕಿಲೋಮೀಟರನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸುವುದೊಂದೇ ಅವರು ಒಪ್ಪುವ ಲೆಕ್ಕ. ಈ ವಿಷಯದಲ್ಲಿ ರಾಯರದೇ ಸರಿ. ತಪ್ಪುವುದು ಆಮೇಲೆ. ನಳಿಕೆ ‘ಟಕ್’ ಎಂದು ತಾನೇ ನಿಂತರೂ ಅವರು ಬಿಡುವುದಿಲ್ಲ. “ಕಾರು ಸ್ವಲ್ಪ ಅಲ್ಲಾಡಿಸಪ್ಪಾ, ಒಳಗೆ ಗಾಳಿ ಇರುತ್ತೆ” ಎಂದು ಬಂಕಿನ ಹುಡುಗನಿಂದ ಅಲ್ಲಾಡಿಸಿ, ಕುತ್ತಿಗೆಮಟ್ಟ ತುಂಬಿಸುತ್ತಾರೆ. ಟ್ಯಾಂಕಿನಲ್ಲಿ ಏಳುವ ಪೆಟ್ರೋಲ್ ಆವಿಯನ್ನು ಹಿಡಿದಿಡಲು ಕಾರಿನಲ್ಲಿ ಇದ್ದಿಲು ತುಂಬಿದ ಒಂದು ಡಬ್ಬಿ ಇರುತ್ತದೆ. ಹೆಚ್ಚಾದ ಪೆಟ್ರೋಲ್ ಅದಕ್ಕೆ ನುಗ್ಗಿದರೆ ಡಬ್ಬಿ ಹಾಳು. ಅದರ ರಿಪೇರಿ ಖರ್ಚಿಗೆ ಡೈರಿಯಲ್ಲಿ ಅಂಕಣವಿಲ್ಲ.

ಬಂಕಿನಲ್ಲಿ ರಾಯರಿಗೆ ಬೇರೆ ವ್ರತಗಳೂ ಇವೆ. ಸಾವಿರಕ್ಕೆ ಹಾಕಿಸುವುದಿಲ್ಲ, ಸಾವಿರದ ಹತ್ತಕ್ಕೆ ಹಾಕಿಸುತ್ತಾರೆ. ದುಂಡು ಮೊತ್ತಕ್ಕೆ ಮೋಸ ಕಟ್ಟಿಟ್ಟ ಬುತ್ತಿ ಎಂಬುದು ಅವರ ಸಿದ್ಧಾಂತ. ಅನುಮಾನವಿದ್ದವರಿಗೆ ಕಾನೂನೇ ಇದಕ್ಕಿಂತ ಒಳ್ಳೆಯ ದಾರಿ ಕೊಟ್ಟಿದೆ: ಪ್ರತಿ ಬಂಕಿನಲ್ಲೂ ಮುದ್ರೆ ಬಿದ್ದ ಐದು ಲೀಟರಿನ ಅಳತೆ ಪಾತ್ರೆ ಇರಬೇಕು, ಗ್ರಾಹಕ ಕೇಳಿದರೆ ಅದರಲ್ಲಿ ಹಿಡಿದು ತೋರಿಸಬೇಕು. ಇನ್ನು, ಬೆಳಗಿನ ಜಾವವೇ ಹಾಕಿಸಬೇಕು. ತಂಪಿಗೆ ಪೆಟ್ರೋಲ್ ಗಟ್ಟಿಯಾಗಿ ಲೀಟರಿಗೆ ಹೆಚ್ಚು ಸಿಗುತ್ತದಂತೆ. ಉಷ್ಣಾಂಶ ಒಂದು ಡಿಗ್ರಿ ಏರಿದರೆ ಪೆಟ್ರೋಲ್ ಹಿಗ್ಗುವುದು ಸಾವಿರಕ್ಕೆ ಒಂದು ಪಾಲಿನಷ್ಟು. ಅದೂ ಬಂಕಿನ ಟ್ಯಾಂಕು ಇರುವುದು ನೆಲದಡಿ. ಬೆಳಗ್ಗೆ ಆರಕ್ಕೂ ಮಧ್ಯಾಹ್ನ ಎರಡಕ್ಕೂ ಅಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಮನೆಯವರ ನಿದ್ದೆ ಕೆಡುವುದಷ್ಟೇ ಲಾಭ.

ರಾಯರ ಕಲೆಯನ್ನು ಪೂರ್ತಿ ನೋಡಬೇಕೆಂದರೆ ಚಾಮುಂಡಿ ಬೆಟ್ಟಕ್ಕೆ ಜೊತೆಯಲ್ಲಿ ಹೋಗಬೇಕು. ಹತ್ತುವಾಗ ಎಲ್ಲರಂತೆ ಹತ್ತುತ್ತಾರೆ. ಇಳಿಯುವಾಗ ನ್ಯೂಟ್ರಲ್. ಉತ್ಸಾಹ ಹೆಚ್ಚಿದ ದಿನ ಎಂಜಿನ್ನೇ ಆಫ್. ಅವರ ಮನೆಯವರು ಹೇಳುವಂತೆ ಈ ಪ್ರಯಾಣದಲ್ಲಿ ತಾಯಿಯ ದರ್ಶನ ಎರಡು ಸಲ ಆಗುತ್ತದೆ, ಗುಡಿಯಲ್ಲೊಮ್ಮೆ, ಇಳಿಜಾರಿನ ತಿರುವಿನಲ್ಲೊಮ್ಮೆ. ಎಂಜಿನ್ ನಿಂತರೆ ಪವರ್ ಸ್ಟೀರಿಂಗ್ ಕಲ್ಲಾಗುತ್ತದೆ. ಬ್ರೇಕಿಗೆ ಬಲ ಕೊಡುವ ನಿರ್ವಾತವೂ ನಾಲ್ಕಾರು ಸಲ ತುಳಿಯುವಷ್ಟರಲ್ಲಿ ಮುಗಿಯುತ್ತದೆ. ತಮಾಷೆಯೆಂದರೆ ಇಷ್ಟೆಲ್ಲ ಧೈರ್ಯ ಮಾಡಿ ನ್ಯೂಟ್ರಲ್‌ನಲ್ಲಿ ಇಳಿದರೂ ಉಳಿತಾಯವಿಲ್ಲ. ಕಾರ್ಬುರೇಟರ್ ಇದ್ದ ಕಾಲದಲ್ಲಿ, ಅಂದರೆ 1983ರಲ್ಲಿ ರಸ್ತೆಗಿಳಿದ ಮಾರುತಿ 800ರ ಮೊದಲ ದಿನಗಳಲ್ಲಿ, ಈ ಉಪಾಯಕ್ಕೆ ಒಂದಿಷ್ಟು ಅರ್ಥವಿತ್ತು. ಈಗಿನ ಇಂಜೆಕ್ಷನ್ ಎಂಜಿನ್ ಹಾಗಲ್ಲ. ಗೇರಿನಲ್ಲೇ ಇದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಕಂಪ್ಯೂಟರು ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಉಸಿರು ಹಿಡಿದಿರಲು ಮತ್ತೆ ಪೆಟ್ರೋಲ್ ಕೇಳುತ್ತದೆ. ಗೇರಿನಲ್ಲಿ ಇಳಿದವರಿಗೆ ಬ್ರೇಕೂ ಉಳಿಯಿತು, ಪೆಟ್ರೋಲೂ ಉಳಿಯಿತು. ರಾಯರಿಗೆ ಇದನ್ನು ಹೇಳಿದವರಿದ್ದಾರೆ. “ಥಿಯರಿ ಬೇರೆ, ಪ್ರಾಕ್ಟಿಕಲ್ ಬೇರೆ” ಎಂಬ ಉತ್ತರ ಪಡೆದು ಮರಳಿದ್ದಾರೆ.

ಸಿಗ್ನಲ್ಲಿನಲ್ಲಿ ಎಂಜಿನ್ ಆಫ್ ಮಾಡುವುದಂತೂ ಒಳ್ಳೆಯ ಅಭ್ಯಾಸ. ಸುಮ್ಮನೆ ನಿಂತ ಸಣ್ಣ ಕಾರು ಗಂಟೆಗೆ ಅರ್ಧದಿಂದ ಒಂದು ಲೀಟರ್ ಕುಡಿಯುತ್ತದೆ. ಆದರೆ ಗಡಿಯಾರ ಇನ್ನು ಆರು ಸೆಕೆಂಡ್ ತೋರಿಸುತ್ತಿರುವಾಗಲೂ ರಾಯರು ಆಫ್ ಮಾಡುತ್ತಾರೆ. ಹಸಿರು ದೀಪ ಬೀಳುತ್ತದೆ, ಕಾರು ಕೆಮ್ಮುತ್ತದೆ, ಹಿಂದಿನ ಆಟೊದವನು ರಾಯರ ವಂಶವೃಕ್ಷವನ್ನು ಬುಡದಿಂದ ವಿಚಾರಿಸುತ್ತಾನೆ.

ಟಯರಿನ ವಿಷಯದಲ್ಲೂ ಅಷ್ಟೇ. ಗಾಳಿ ಕಡಿಮೆಯಾದರೆ ಮೈಲೇಜ್ ಇಳಿಯುವುದು ನಿಜ. ನಾಲ್ಕೂ ಚಕ್ರದಲ್ಲಿ ಐದು ಪಾಯಿಂಟ್ ಕಡಿಮೆಯಿದ್ದರೆ ಸುಮಾರು ಶೇಕಡಾ ಒಂದು. ಹಾಗಾದರೆ ಹೆಚ್ಚಿದ್ದರೆ ಇನ್ನೂ ಒಳ್ಳೆಯದಲ್ಲವೇ ಎಂಬುದು ರಾಯರ ತರ್ಕ. 33 ಬೇಕಾದಲ್ಲಿ 40 ಹೊಡೆಸುತ್ತಾರೆ. ಬ್ರೇಕ್ ಹಿಡಿತ ಕಡಿಮೆಯಾಗುತ್ತದೆ, ಟಯರು ನಡುವೆಯೇ ಸವೆಯುತ್ತದೆ, ಹಂಪ್ ಬಂದಾಗ ಹಿಂದಿನ ಸೀಟಿನವರ ತಲೆ ಚಾವಣಿ ಮುಟ್ಟುತ್ತದೆ. ಒಂದು ವರ್ಷ ದುಡ್ಡು ಕೊಟ್ಟು ನೈಟ್ರೋಜನ್ನೂ ತುಂಬಿಸಿದರು. ಬಿಟ್ಟಿ ಸಿಗುವ ಮಾಮೂಲಿ ಗಾಳಿಯಲ್ಲೇ ಶೇಕಡಾ 78 ನೈಟ್ರೋಜನ್ ಇದೆಯೆಂದು ಹೈಸ್ಕೂಲಿಗೆ ಹೋಗುವ ಮೊಮ್ಮಗಳು ಹೇಳಿದ ಮೇಲೆ ಆ ಖಾತೆ ಮುಚ್ಚಿತು.

ಭಾರ ಇಳಿಸುವ ಚಳವಳಿಯೂ ನಡೆಯಿತು. ಡಿಕ್ಕಿಯಿಂದ ಛತ್ರಿ, ನೀರಿನ ಕ್ಯಾನು, ಕೊನೆಗೆ ಸ್ಟೆಪ್ನಿ ಕೂಡ ಮನೆಯೊಳಗೆ ಬಂತು. ಅದರ ಮರುವಾರ ನಂಜನಗೂಡು ರಸ್ತೆಯಲ್ಲಿ ಪಂಕ್ಚರ್. ಸುಮಾರು 45 ಕಿಲೋ ಭಾರ ಇಳಿಸಿದರೆ ಶೇಕಡಾ ಒಂದರಷ್ಟು ಮೈಲೇಜ್ ಸಿಗುತ್ತದೆ. ಸ್ಟೆಪ್ನಿಯ ತೂಕ ಅದರಲ್ಲಿ ಮೂರನೇ ಒಂದು ಪಾಲೂ ಇಲ್ಲ. “ರೀ, ನನ್ನನ್ನೇ ಇಳಿಸಿಬಿಡಿ, ಒಂದು ಪರ್ಸೆಂಟ್ ಪೂರ್ತಿ ಬರತ್ತೆ” ಎಂದು ಮನೆಯವರು ರಸ್ತೆ ಬದಿಯಲ್ಲಿ ನಿಂತೇ ಹೇಳಿದರು.

ಕಂಪನಿಯ ಬ್ರೋಷರಿನಲ್ಲಿ ಬರೆದ 24 ತಮಗೇಕೆ ಬರುತ್ತಿಲ್ಲ ಎಂಬುದು ರಾಯರ ಬಾಳಿನ ಕೊರಗು. ಆ ಅಂಕಿ ಹುಟ್ಟುವುದು ಪ್ರಯೋಗಶಾಲೆಯಲ್ಲಿ. ಕಾರನ್ನು ರೋಲರುಗಳ ಮೇಲೆ ನಿಲ್ಲಿಸಿ, ಎ.ಸಿ. ಆಫ್ ಮಾಡಿ, ಗೊತ್ತುಮಾಡಿದ ಕ್ರಮದಲ್ಲಿ ಗರಿಷ್ಠ 90 ಕಿ.ಮೀ. ವೇಗದವರೆಗೆ ಓಡಿಸಿ ಅಳೆಯುತ್ತಾರೆ. ಅಲ್ಲಿ ಹಂಪ್ ಇಲ್ಲ, ರಸ್ತೆ ನಡುವೆ ಮಲಗಿದ ಹಸು ಇಲ್ಲ, ದಸರಾ ಜನಸಂದಣಿ ಇಲ್ಲ. ರಾಯರು ಈಚೆಗೆ ತಪ್ಪನ್ನೆಲ್ಲ ಎಥೆನಾಲ್ ತಲೆಗೆ ಕಟ್ಟಿದ್ದಾರೆ. “ಕಬ್ಬಿನ ಹಾಲು ಕುಡಿಸಿ ಕಾರಿಗೂ ಅಮಲು ಹಿಡಿಸ್ತಾ ಇದ್ದಾರೆ” ಎನ್ನುತ್ತಾರೆ. ದೂರಿನಲ್ಲಿ ಹುರುಳಿಲ್ಲದಿಲ್ಲ. ಎಥೆನಾಲಿನಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ. ಶೇಕಡಾ 20 ಬೆರಸಿದರೆ ಹಳೆಯ ಕಾರುಗಳ ಮೈಲೇಜ್ ಶೇಕಡಾ 6ರಿಂದ 7 ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ಆದರೆ ರಾಯರ ಡೈರಿಯ ಪ್ರಕಾರ ಇಳಿದದ್ದು ಶೇಕಡಾ 15. ಉಳಿದ ಎಂಟು ಎಲ್ಲಿ ಹೋಯಿತೆಂದರೆ ಅರ್ಧ ಕ್ಲಚ್ ಮೇಲೆ ಸದಾ ಕೂತಿರುವ ಅವರ ಎಡಗಾಲನ್ನು ಕೇಳಬೇಕು.

ಇವರ ಮಗ ಬೆಂಗಳೂರಿನಲ್ಲಿದ್ದಾನೆ. ಲೀಟರಿಗೆ ಹತ್ತು ಕೊಡುವ ದೊಡ್ಡ ಗಾಡಿ ಅವನದು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ನೂರರ ಮಿತಿಗೆ ಕಾಲು ತಾಗಿಸಿಕೊಂಡೇ ಬರುತ್ತಾನೆ. ಅದೇ ರಸ್ತೆಯ ಎಡ ಅಂಚಿನಲ್ಲಿ ರಾಯರು ಪೆಟ್ರೋಲಿಯಂ ಸಂರಕ್ಷಣಾ ಸಂಘದ ಹಳೆಯ ಸಲಹೆಯಂತೆ 50ರಲ್ಲಿ ಹೋಗುತ್ತಾರೆ, ಹುಲ್ಲಿನ ಲಾರಿಯೂ ಅವರಿಗೆ ಹಾರನ್ ಹೊಡೆಯುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಏರುವುದರಿಂದ ನೂರರಿಂದ ಎಂಬತ್ತಕ್ಕೆ ಇಳಿದರೇ ದೊಡ್ಡ ಲಾಭ, ಐವತ್ತರವರೆಗೆ ತಪಸ್ಸು ಬೇಕಿಲ್ಲ.

ಲೆಕ್ಕ ಇಲ್ಲೇ ಮಜವಾಗುತ್ತದೆ. ರಾಯರು ಇಷ್ಟೆಲ್ಲ ಹೋರಾಡಿ 18ನ್ನು 20ಕ್ಕೆ ಏರಿಸಿದರೆ ನೂರು ಕಿಲೋಮೀಟರಿಗೆ ಉಳಿಯುವುದು ಸುಮಾರು ಅರ್ಧ ಲೀಟರ್. ಮಗ 10ನ್ನು 12 ಮಾಡಿಕೊಂಡರೆ ಅದೇ ದೂರಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು. ಎರಡೂ ಕಡೆ ಏರಿದ್ದು ಎರಡೇ ಅಂಕಿ, ಉಳಿತಾಯ ಮೂರು ಪಟ್ಟು. ಅದರ ಮೇಲೆ ಮಗನ ಓಡಾಟವೂ ಹೆಚ್ಚು. ರಾಯರು ಓಡಿಸುವುದು ತಿಂಗಳಿಗೆ ಐನೂರು ಕಿಲೋಮೀಟರ್ ಎಂದಿಟ್ಟುಕೊಂಡರೆ ಅವರ ತಪಸ್ಸಿನ ಫಲ ಮೂರು ಲೀಟರಿಗೂ ಒಳಗೆ, ಇಂದಿನ ದರದಲ್ಲಿ ಮುನ್ನೂರು ರೂಪಾಯಿಗೂ ಕಡಿಮೆ. ಉಳಿಸುವ ಅವಕಾಶ ಇರುವವನಿಗೆ ಚಿಂತೆಯಿಲ್ಲ. ಚಿಂತೆ ಇರುವವರ ಹತ್ತಿರ ಉಳಿಸಲು ಏನೂ ಉಳಿದಿಲ್ಲ. ಮಗನಿಗೆ ಇದನ್ನು ವಿವರಿಸಲು ಹೋದರೆ, “ಅಪ್ಪಾ, ಪೆಟ್ರೋಲ್ ದುಡ್ಡು ಆಫೀಸಿನವರು ಕೊಡ್ತಾರೆ” ಎಂದುಬಿಟ್ಟ.

ರಾಯರನ್ನು ನೋಡಿ ನಕ್ಕು ಸುಮ್ಮನಾಗಬೇಡಿ. ತಮ್ಮ ಬೀದಿಯ ಬಂಕಿನಲ್ಲಿ ಗಾಳಿ ಯಂತ್ರ ತಿಂಗಳುಗಟ್ಟಲೆ ಕೆಟ್ಟಿದ್ದಾಗ ದೂರು ಪುಸ್ತಕ ಕೇಳಿ ಪಡೆದು, ಬರೆದು, ರಿಪೇರಿ ಮಾಡಿಸಿದವರು ಅವರೊಬ್ಬರೇ. ಗಾಳಿ ಎಲ್ಲ ಬಂಕಿನಲ್ಲೂ ಉಚಿತ, ದೂರು ಪುಸ್ತಕವೂ ಇರಲೇಬೇಕು. ನಿಮ್ಮ ಕಾರಿಗೆ ಎಷ್ಟು ಗಾಳಿ ಬೇಕೆಂದು ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಿರುತ್ತದೆ. ನಾಳೆ ಬೆಳಗ್ಗೆ ಟಯರು ತಣ್ಣಗಿರುವಾಗಲೇ ಹೋಗಿ ಅಷ್ಟನ್ನೇ ಹಾಕಿಸಿ. ಪಕ್ಕದಲ್ಲಿ ರಾಯರು ನಿಂತು ನಲವತ್ತು ಹೊಡೆಸಿ ಎಂದರೆ ಕೇಳಬೇಡಿ.