ಕೈಗುಣ ಮೀಮಾಂಸೆ

ಕರ್ನಾಟಕದ ಮಧ್ಯಮವರ್ಗದ ಮನೆಗಳಲ್ಲಿ ಸೊಸೆ ಬಸುರಿಯೆಂಬ ಸುದ್ದಿ ಅಡುಗೆಮನೆಯಿಂದ ಹಜಾರಕ್ಕೆ ತಲುಪುವಷ್ಟರಲ್ಲಿ ಹೆರಿಗೆಯ ಡಾಕ್ಟರನ್ನು ಗೊತ್ತುಮಾಡುವ ಸಮಿತಿಯೊಂದು ತಾನಾಗಿಯೇ ರೂಪುಗೊಳ್ಳುತ್ತದೆ. ಅತ್ತೆ, ತಾಯಿ, ಚಿಕ್ಕಮ್ಮ, ಎದುರುಮನೆಯಾಕೆ ಮುಂತಾದವರು ಅದರ ಖಾಯಂ ಸದಸ್ಯರಾಗಿದ್ದು, ಹೆರಬೇಕಾದವಳಿಗೆ ಬಹುಮಟ್ಟಿಗೆ ವೀಕ್ಷಕಳ ಸ್ಥಾನ ಮಾತ್ರ ದೊರೆಯುತ್ತದೆ.

ಈ ಸಮಿತಿಯ ಪರಮ ಮಾನದಂಡವೆಂದರೆ ಕೈಗುಣ, ಅಂದರೆ ಪದವಿಗೂ ಅನುಭವಕ್ಕೂ ಸಂಬಂಧವಿಲ್ಲದೆ ವೈದ್ಯರ ಹಸ್ತದಲ್ಲೇ ನೆಲೆಸಿದೆಯೆಂದು ನಂಬಲಾದ ಶುಭಶಕ್ತಿ. ಇದು ಸಿದ್ಧವಾಗಲು ಬಂಧುವರ್ಗದಲ್ಲಿ ಎರಡು ಸುಖಪ್ರಸವಗಳು ಸಾಕು. ಅಳಿದುಹೋಗಲು ಒಂದೇ ಒಂದು ಸಿಜೇರಿಯನ್, ಎಂದರೆ ಹೊಟ್ಟೆ ಕೊಯ್ದು ಮಗುವನ್ನು ತೆಗೆಯುವ ಶಸ್ತ್ರಚಿಕಿತ್ಸೆ, ಸಾಕು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬ ರೂಢಿಯಿರುವುದರಿಂದ ಏಳು ತಿಂಗಳು ಬೆಂಗಳೂರಿನ ಡಾಕ್ಟರು ನೋಡಿಕೊಂಡ ಬಸುರಿಯನ್ನು ಸೀಮಂತದ ಮರುವಾರ ತಿಪಟೂರಿಗೋ ಶಿರಸಿಗೋ ಕರೆದೊಯ್ಯಲಾಗುತ್ತದೆ, ಮತ್ತು ಅಲ್ಲಿ ಕೈಗುಣದ ವಿಚಾರಣೆ ಹೊಸದಾಗಿ ಆರಂಭವಾಗುತ್ತದೆ.

ಉಳಿದ ಮಾನದಂಡಗಳು ಸದಸ್ಯರನ್ನು ಅನುಸರಿಸಿ ಬದಲಾಗುತ್ತವೆ. ಅತ್ತೆಯವರಿಗೆ ಬಾಣಂತಿಗೆ ಬಿಸಿನೀರು ಸಿಗುವ ಆಸ್ಪತ್ರೆ ಶ್ರೇಷ್ಠ. ಮಾವನವರಿಗೆ ಕಾರು ನಿಲ್ಲಿಸಲು ಜಾಗವಿರುವುದು. ಗಂಡನಿಗೆ ಇನ್ಶೂರೆನ್ಸ್ ನಡೆಯುವುದು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆಂದು ಆಶಾ ಕಾರ್ಯಕರ್ತೆ ತಿಳಿಸಿದರೆ, ಪುಕ್ಕಟೆಯ ಕೈಗೆ ಗುಣವೆಲ್ಲಿಂದ ಬರಬೇಕು ಎಂಬ ಆಕ್ಷೇಪ ಏಳುತ್ತದೆ.

ಕೇಳಬೇಕಾದ ಪ್ರಶ್ನೆಗಳನ್ನು ಮಾತ್ರ ಯಾರೂ ಕೇಳುವುದಿಲ್ಲ. ರಾತ್ರಿ ಎರಡು ಗಂಟೆಗೆ ನೋವು ಬಂದರೆ ಬರುವವರು ಅದೇ ಡಾಕ್ಟರೋ ಬೇರೆಯವರೋ, ರಕ್ತ ಬೇಕಾದರೆ ಎಲ್ಲಿಂದ ತರುತ್ತಾರೆ, ನೂರು ಹೆರಿಗೆಯಲ್ಲಿ ಸಿಜೇರಿಯನ್ ಎಷ್ಟು ಎಂದು ವಿಚಾರಿಸಿದರೆ ಡಾಕ್ಟರಮ್ಮ ನೊಂದುಕೊಂಡಾರೆಂಬ ಸಂಕೋಚ, ಸೊಪ್ಪಿನವಳೊಂದಿಗೆ ಎರಡು ರೂಪಾಯಿಗೆ ಹತ್ತು ನಿಮಿಷ ವಾದಿಸಬಲ್ಲ ಕುಟುಂಬವನ್ನೂ ಬಾಧಿಸುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಸರ್ಕಾರಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಸುಮಾರು ಶೇ. 14ರಷ್ಟು ಸಿಜೇರಿಯನ್ ಆದರೆ, ಖಾಸಗಿ ಆಸ್ಪತ್ರೆಗಳಲ್ಲಿ ಅದು ಶೇ. 47ನ್ನು ಮೀರಿತ್ತು. ಖಾಸಗಿ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಲೇ ಬಸುರಿಯರ ಅಂಗರಚನೆ ಮಾರ್ಪಡುತ್ತದೆಂದು ಯಾವ ವೈದ್ಯಗ್ರಂಥವೂ ಹೇಳುವುದಿಲ್ಲ. (ಜೋಯಿಸರಿಂದ ಮುಹೂರ್ತ ಬರೆಸಿಕೊಂಡು ಹೋಗಿ ಆ ಗಳಿಗೆಗೇ ಕೊಯ್ಯಿರೆನ್ನುವವರೂ ಇರುವುದರಿಂದ ತಪ್ಪನ್ನೆಲ್ಲ ಡಾಕ್ಟರರ ತಲೆಗೆ ಕಟ್ಟುವುದು ನ್ಯಾಯವಲ್ಲ.)

ಚರ್ಚೆಯ ನಡುವೆ, ಹಿಂದೆ ಸೂಲಗಿತ್ತಿಯೇ ಸಾಕಿತ್ತು ಎಂದು ಹಿರಿಯ ಗಂಡಸೊಬ್ಬರು ನಿಟ್ಟುಸಿರಿಡುವುದುಂಟು. ಹೆರಿಗೆಯ ಸುಲಭತೆಯನ್ನು ಕುರಿತು ಇಷ್ಟು ನಿಶ್ಚಿತವಾಗಿ ಮಾತನಾಡಲು ಒಮ್ಮೆಯೂ ಹೆರದವರಿಗೆ ಮಾತ್ರ ಸಾಧ್ಯ. ಅಂದು ತಾಯಿ, ಮಗು ಕಳೆದುಕೊಂಡ ಮನೆಗಳ ಲೆಕ್ಕ ಅವರ ನೆನಪಿನಲ್ಲಿ ಉಳಿದಿರುವುದಿಲ್ಲ. ಆದರೂ ಅವರ ಮಾತಿನಲ್ಲಿ ತಿರುಳಿಲ್ಲದಿಲ್ಲ. ಆಸ್ಪತ್ರೆಗಳು ದೂರವಿದ್ದ ಪಾವಗಡ ಸೀಮೆಯಲ್ಲಿ ಹಣ ಪಡೆಯದೆ ಸಾವಿರಾರು ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದ ಸೂಲಗಿತ್ತಿ ನರಸಮ್ಮನವರಂಥವರು ನೋವು ತಿನ್ನುವವಳ ಬಳಿಯಿಂದ ಏಳುತ್ತಿರಲಿಲ್ಲ. ಇಂದು ನಗರಗಳಲ್ಲಿ ಹಾಗೆ ಬಳಿಯಲ್ಲಿರುವ ಕೆಲಸಕ್ಕೆ ಡೌಲಾ, ಅಂದರೆ ಮದ್ದು ಕೊಡದೆ, ಹೆರಿಗೆ ಮಾಡಿಸದೆ, ಬೆನ್ನು ನೀವಿ ಧೈರ್ಯ ಹೇಳುವ ತರಬೇತಾದ ಸಂಗಾತಿ, ಶುಲ್ಕ ಪಡೆದು ಬರುತ್ತಾಳೆ. ಹೀಗೆ ಒಬ್ಬರು ಕೊನೆಯವರೆಗೂ ಜೊತೆಗಿದ್ದರೆ ಸಹಜ ಹೆರಿಗೆಯ ಸಾಧ್ಯತೆ ಹೆಚ್ಚುತ್ತದೆಂದು ಸಂಶೋಧನೆಗಳು ತೋರಿಸಿವೆ. ಹೆರುವವಳು ಬಯಸಿದ ಜೊತೆಗಾರರು ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಶಿಫಾರಸು ಮಾಡಿದೆ.

ಸಮಿತಿಯಲ್ಲಿ ಎಷ್ಟೇ ಮಂದಿಯಿದ್ದರೂ ಹೆರಿಗೆ ಕೋಣೆಯೊಳಗೆ ಬಿಡುವುದು ಹೆಚ್ಚೆಂದರೆ ಒಬ್ಬರನ್ನು. ಆದ್ದರಿಂದ ಬಿಸಿನೀರು, ಪಾರ್ಕಿಂಗುಗಳ ನಿರ್ಣಯವನ್ನು ಸಮಿತಿಯೇ ಉಳಿಸಿಕೊಂಡು, ಆ ಒಬ್ಬರು ಯಾರಾಗಬೇಕು, ಡಾಕ್ಟರು ಯಾರಾಗಬೇಕು ಎಂಬೆರಡನ್ನು ಹೆರುವವಳಿಗೇ ಬಿಟ್ಟುಕೊಡುವುದು ಲೇಸು.