ಎರಡನೆಯ ಪಂಕ್ತಿಯ ಅಂಕಣ

ಜಾಲಪುಟಗಳ ಮೈಕಟ್ಟನ್ನು ನಿರ್ಧರಿಸುವ ಸಿಎಸ್‌ಎಸ್ ಎಂಬ ಶೈಲಿಭಾಷೆಗೆ 1996ರ ಡಿಸೆಂಬರ್‌ನಲ್ಲಿ ಮೊದಲ ಅಧಿಕೃತ ರೂಪ ದೊರೆತಾಗ, ಅದರಲ್ಲಿದ್ದ ಫ್ಲೋಟ್ ಎಂಬ ಗುಣಕ್ಕೆ ವಹಿಸಿದ್ದ ಕೆಲಸ ಚಿತ್ರವನ್ನು ಎಡಕ್ಕೋ ಬಲಕ್ಕೋ ಸರಿಸಿ, ಅಕ್ಷರಗಳು ಅದನ್ನು ಬಳಸಿಕೊಂಡು ಹರಿಯುವಂತೆ ನೋಡಿಕೊಳ್ಳುವುದಷ್ಟೇ ಆಗಿತ್ತು. ಇಂಥ ಬಡಪಾಯಿಯ ಹೆಗಲಿಗೆ ಇಡೀ ಪುಟದ ಅಂಕಣಗಳನ್ನು ಅಕ್ಕಪಕ್ಕ ನಿಲ್ಲಿಸುವ ಹೊಣೆಯನ್ನು ಹೊರಿಸಿದ ವಿನ್ಯಾಸಕಾರರು ಅದಕ್ಕೂ ಮೊದಲು ಅಂಕಿಅಂಶಗಳ ಕೋಷ್ಟಕವನ್ನು ಇದೇ ಚಾಕರಿಗೆ ದುಡಿಸಿಕೊಂಡಿದ್ದರು. 2017ರಲ್ಲಿ ಪ್ರಮುಖ ಬ್ರೌಸರ್‌ಗಳಿಗೆ ಪುಟದ ವಿನ್ಯಾಸಕ್ಕೆಂದೇ ರೂಪಿಸಿದ ಗ್ರಿಡ್ ಎಂಬ ವ್ಯವಸ್ಥೆ ಬರುವವರೆಗೂ ಈ ಕ್ಷೇತ್ರದಲ್ಲಿ ಯಾರಿಗೂ ಅವರವರ ಕೆಲಸ ಸಿಕ್ಕಿರಲಿಲ್ಲ ಎನ್ನಬಹುದು.

ಫ್ಲೋಟ್‌ನ ಕಷ್ಟವೆಲ್ಲ ಇರುವುದು ಕೂಡುವ ಲೆಕ್ಕದಲ್ಲಿ. 960 ಪಿಕ್ಸೆಲ್ ಅಗಲದ ಪುಟದಲ್ಲಿ ಮುಖ್ಯ ಅಂಕಣಕ್ಕೆ 640, ಪಕ್ಕದ ಅಂಕಣಕ್ಕೆ 300, ನಡುವೆ ಮಾರ್ಜಿನ್ ಎಂಬ ಖಾಲಿ ಜಾಗಕ್ಕೆ 20 ಎಂದು ಹಂಚಿದರೆ ಮೊತ್ತ ಸರಿಹೋಗುತ್ತದೆ. ಆದರೆ ಚೆಂದಕ್ಕೆಂದು ಪಕ್ಕದ ಅಂಕಣದ ಸುತ್ತ ಒಂದು ಪಿಕ್ಸೆಲ್ ಗೆರೆ ಎಳೆದದ್ದೇ ತಡ, ಆ ಗೆರೆಯನ್ನು ಮೂಲ ನಿಯಮವು ಅಗಲದ ಹೊರಗೇ ಎಣಿಸುವುದರಿಂದ, ಎರಡೂ ಬದಿ ಸೇರಿ ಮೊತ್ತ 962 ಆಗುತ್ತದೆ. ಬ್ರೌಸರ್ ಆಕ್ಷೇಪಿಸುವುದಿಲ್ಲ, ಎಚ್ಚರಿಸುವುದೂ ಇಲ್ಲ. ಮದುವೆಮನೆಯಲ್ಲಿ ಎಲೆ ಸಿಗದ ನೆಂಟನನ್ನು ಸಾಗಹಾಕುವಂತೆ ಅಂಕಣವನ್ನು ಸದ್ದಿಲ್ಲದೆ ಎರಡನೆಯ ಪಂಕ್ತಿಗೆ, ಅಂದರೆ ಮುಖ್ಯ ಲೇಖನದ ಬುಡಕ್ಕೆ ಕಳಿಸುತ್ತದೆ. ಅಲ್ಲಿಯವರೆಗೆ ಓದುಗರು ಇಳಿದುಬರುವುದು ಅಪರೂಪವಾದ್ದರಿಂದ ಆ ಅಂಕಣದಲ್ಲಿ ಜಾಹೀರಾತು ಕೊಟ್ಟವರ ದೂರು ಮಾತ್ರ ಬೇಗ ತಲುಪುತ್ತದೆ.

ಅಂಕಣಗಳನ್ನು ಒಳಗೊಂಡ ತಾಯಿಪೆಟ್ಟಿಗೆಯ ವರ್ತನೆ ಇನ್ನೂ ವಿಚಿತ್ರವಾದುದು. ಫ್ಲೋಟ್ ಹಚ್ಚಿ ತೇಲಿಬಿಟ್ಟ ಮಕ್ಕಳನ್ನು ಅದು ತನ್ನ ಎತ್ತರದ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಒಳಗಿರುವವರೆಲ್ಲ ತೇಲುವವರೇ ಆದರೆ ಎತ್ತರ ಸೊನ್ನೆಗಿಳಿದು, ಬಳಿದ ಹಿನ್ನೆಲೆಯ ಬಣ್ಣವೂ ಮಾಯವಾಗುತ್ತದೆ. ತೇಲುವವರ ಪಕ್ಕದಲ್ಲಿ ನಿಲ್ಲದೆ ಅವರ ಕೆಳಗೆ ಇಳಿಯಬೇಕೆಂದು ವಿಧಿಸುವ ಕ್ಲಿಯರ್ ಎಂಬ ಗುಣವನ್ನು ಹೊತ್ತ, ಒಳಗೆ ಏನೂ ಇಲ್ಲದ ಪೆಟ್ಟಿಗೆಯೊಂದನ್ನು ಕೊನೆಯಲ್ಲಿ ಇಡುವುದು ಇದಕ್ಕೆ ಆಗಿನ ಮದ್ದಾಗಿತ್ತು. ಹೀಗೆ ಏನೂ ಇಲ್ಲದಿರುವುದನ್ನೇ ವೃತ್ತಿಯಾಗಿಸಿಕೊಂಡ ಪೆಟ್ಟಿಗೆಗಳು ಲೆಕ್ಕವಿಲ್ಲದಷ್ಟು ಪುಟಗಳನ್ನು ಎತ್ತಿಹಿಡಿದಿದ್ದವು.

ಈ ಶಾಸ್ತ್ರದ ಪರಮಾವಧಿಯನ್ನು ಕಾಣಬೇಕಾದರೆ 2001ರಲ್ಲಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 6ರತ್ತ ನೋಡಬೇಕು. ಎಡಕ್ಕೆ ತೇಲಿಬಿಟ್ಟ ಅಂಕಣಕ್ಕೆ ಎಡಗಡೆಯೇ ಹತ್ತು ಪಿಕ್ಸೆಲ್ ಮಾರ್ಜಿನ್ ಕೊಟ್ಟರೆ, ಸಾಲಿನ ಮೊದಲ ಅಂಕಣಕ್ಕೆ ಅದು ಉದಾರವಾಗಿ ಇಪ್ಪತ್ತು ಕೊಡುತ್ತಿತ್ತು. ಆ ಔದಾರ್ಯದಿಂದ ಮೊತ್ತ ಮೀರಿ ಸಾಲಿನ ಕೊನೆಯ ಅಂಕಣ ಕೆಳಕ್ಕೆ ಬೀಳುತ್ತಿತ್ತು. ಇದಕ್ಕೆ ಕಂಡುಕೊಂಡ ಪರಿಹಾರವೆಂದರೆ ಅಂಕಣಕ್ಕೆ ‘ಡಿಸ್‌ಪ್ಲೇ ಇನ್‌ಲೈನ್’ ಎಂಬ ಆಜ್ಞೆ ಕೊಡುವುದು. ತೇಲುವ ವಸ್ತುವಿನ ಮೇಲೆ ಈ ಆಜ್ಞೆ ನಡೆಯದೆಂದು ಸಿಎಸ್‌ಎಸ್ ನಿಯಮವೇ ಸಾರುವುದರಿಂದ ಉಳಿದ ಬ್ರೌಸರ್‌ಗಳಿಗೆ ಇದರಿಂದ ಹಾನಿಯಿರಲಿಲ್ಲ. ಯಾವ ಪರಿಣಾಮವೂ ಇರಬಾರದ ಮದ್ದಿನಿಂದಲೇ ರೋಗಿ ಗುಣವಾಗುತ್ತಿದ್ದ. ಆ ಬ್ರೌಸರ್ ತೆರೆಮರೆಗೆ ಸರಿದ ಮೇಲೂ ಹಳೆಯ ಕಡತಗಳಿಂದ ಈ ಸಾಲನ್ನು ಅಳಿಸುವ ಧೈರ್ಯ ಎಲ್ಲರಿಗೂ ಬರಲಿಲ್ಲ, ಅಳಿಸಿದರೆ ಏನೂ ಆಗುವುದಿಲ್ಲವೆಂದು ಗೊತ್ತಿದ್ದರೂ.